ತುಳಿದರೆ ಸೊರಗುವ ಹಳೆ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಪದ್ಮಿನಿ, ಅಂಬಾಸಿಡರ್, ಮಾರುತಿ 800, ಓಮ್ನಿ, ಜೆನ್. ಇಂಥ ಗಾಡಿ ಇಟ್ಟುಕೊಂಡವರು ಸುತ್ತಿಬಳಸಿ ಕೇಳುವುದು ಒಂದೇ ವಿಷಯ: ಊರೊಳಗೆ ಚೆನ್ನಾಗಿ ಓಡುವ ಗಾಡಿ ಏರಿನಲ್ಲಿ, ಓವರ್‌ಟೇಕ್ ಮಾಡುವಾಗ ಯಾಕೆ ಕೈಕೊಡುತ್ತದೆ? ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಸುಲಭದ್ದು ಮೊದಲು, ಗೇಜು ಮಲ್ಟಿಮೀಟರ್ ಬೇಕಾಗುವಂಥದ್ದು ಆಮೇಲೆ.

## ಮೊದಲು ಕೇಳುವಂಥವು

ಐಡ್ಲಿಂಗ್ ಸೂಪರ್, ಸಿಟಿಯಲ್ಲಿ ತೊಂದರೆನೇ ಇಲ್ಲ. ಜೋರಾಗಿ ತುಳಿದರೆ ಮಾತ್ರ ಎಳೆಯಲ್ಲ. ಪೆಟ್ರೋಲ್ ಸಾಲ್ತಿಲ್ಲ ಅಂತಾರೆ. ಹಾಗಾದ್ರೆ ಐಡ್ಲಿಂಗ್‌ಗೆ ಹೇಗೆ ಸಾಲುತ್ತೆ?

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಮಾರುತಿ 800ರ 796 ಸಿಸಿ ಇಂಜಿನ್ ಐಡ್ಲಿಂಗ್‌ನಲ್ಲಿ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಕುಡಿಯುತ್ತದೆ. ನಿಮಿಷಕ್ಕೆ ಸುಮಾರು 12 ಮಿಲಿ ಆಯಿತು. ಸಮತಟ್ಟು ರಸ್ತೆಯಲ್ಲಿ 60ರ ವೇಗಕ್ಕೆ ಲೀಟರಿಗೆ 20 ಕಿಲೋಮೀಟರ್ ಕೊಡುತ್ತಿದ್ದರೆ ನಿಮಿಷಕ್ಕೆ 50 ಮಿಲಿ. ಅದೇ ಇಂಜಿನ್ ತನ್ನಲ್ಲಿರುವ 37-40 ಹಾರ್ಸ್‌ಪವರ್ ಪೂರ್ತಿ ಕೊಡಬೇಕಾದರೆ ನಿಮಿಷಕ್ಕೆ ಹತ್ತಿರ ಹತ್ತಿರ 200 ಮಿಲಿ ಬೇಕು. ಪದ್ಮಿನಿಯ ಲೆಕ್ಕವೂ ಹೆಚ್ಚುಕಮ್ಮಿ ಇಷ್ಟೇ.

ಲೈನಿನಲ್ಲಿ ಅರ್ಧ ಕಸ ಕಟ್ಟಿದ್ದರೂ 12 ಮಿಲಿ ಬರುತ್ತದೆ, 50 ಮಿಲಿಯೂ ಬರುತ್ತದೆ. 200 ಬರುವುದಿಲ್ಲ. ಹಾಗಾಗಿ ಗ್ಯಾರೇಜಿನ ಅಂಗಳದಲ್ಲಿ ನಿಲ್ಲಿಸಿ ರೇಸ್ ಕೊಟ್ಟು "ನೋಡಿ ಸರ್, ಚೆನ್ನಾಗೇ ಇದೆ" ಅಂದರೆ ಅದಕ್ಕೆ ಬೆಲೆ ಇಲ್ಲ. ನಿಂತ ಗಾಡಿಯಲ್ಲಿ ಎಷ್ಟು ರೇಸ್ ಕೊಟ್ಟರೂ ಇಂಜಿನ್ ಮೇಲೆ ಭಾರ ಇರುವುದಿಲ್ಲ, ಪೆಟ್ರೋಲೂ ಅಷ್ಟು ಬೇಕಾಗುವುದಿಲ್ಲ. ಈ ಕಾಯಿಲೆಯನ್ನು ನೋಡಬೇಕಾದದ್ದು ಏರಿನಲ್ಲಿ, ಮೂರನೇ ಗೇರಿನಲ್ಲಿ, ಪೂರ್ತಿ ತುಳಿದು.

ಇದು ಪೆಟ್ರೋಲ್ ತೊಂದರೆನಾ, ಕರೆಂಟ್ ತೊಂದರೆನಾ? ಒಬ್ಬರು ಕಾಯಿಲ್ ಅಂತಾರೆ, ಇನ್ನೊಬ್ಬರು ಕಾರ್ಬುರೇಟರ್ ಅಂತಾರೆ.

ಕಾಯಿಲ್ ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವುದು, ಕಾರ್ಬುರೇಟರ್ ಪೆಟ್ರೋಲನ್ನು ಗಾಳಿಗೆ ಬೆರೆಸುವುದು. ಯಾವುದರ ತಪ್ಪು ಅಂತ ತಿಳಿಯಲು ಗಾಡಿ ಸೋಲುವ ರೀತಿ ನೋಡಿ. ಪೆಟ್ರೋಲ್ ಸಾಲದಿದ್ದಾಗ ಶಕ್ತಿ ನಿಧಾನವಾಗಿ ಇಳಿಯುತ್ತದೆ. ಮೊದಲು ಎಳೆತ ಕಮ್ಮಿ, ಆಮೇಲೆ ಜರ್ಕ್, ಆಮೇಲೆ ಕಾರ್ಬುರೇಟರ್ ಬಾಯಲ್ಲೇ ಪಟ್ ಪಟ್ ಸದ್ದು. ಕಾಲು ತೆಗೆದರೆ ತುಸು ಹೊತ್ತಿನಲ್ಲಿ ಚೇತರಿಸಿಕೊಳ್ಳುತ್ತದೆ. ಕರೆಂಟ್ ತೊಂದರೆಯಾದರೆ ಸ್ವಿಚ್ ಆಫ್ ಮಾಡಿದ ಹಾಗೆ ಥಟ್ಟನೆ ಕಡಿಯುತ್ತದೆ, ಥಟ್ಟನೆ ಬರುತ್ತದೆ. ಸದ್ದು ಹೆಚ್ಚಾಗಿ ಸೈಲೆನ್ಸರ್ ಕಡೆಯಿಂದ ಕೇಳುತ್ತದೆ.

ಕೈಯಳತೆಯ ಎರಡು ಪರೀಕ್ಷೆಗಳಿವೆ. ಚೋಕ್ ಕೇಬಲ್ ಇರುವ ಗಾಡಿಯಾದರೆ, ಸೊರಗುತ್ತಿರುವಾಗಲೇ ಚೋಕನ್ನು ಅರ್ಧ ಎಳೆಯಿರಿ. ಚೋಕ್ ಗಾಳಿಯನ್ನು ತಡೆದು ಪೆಟ್ರೋಲಿನ ಪಾಲು ಹೆಚ್ಚಿಸುತ್ತದೆ. ಒಂದೆರಡು ಕ್ಷಣವಾದರೂ ಎಳೆತ ಬಂತೆಂದರೆ ಇಂಜಿನ್ ಪೆಟ್ರೋಲ್ ಕೇಳುತ್ತಿದೆ ಎಂದೇ ಅರ್ಥ. ಇನ್ನೂ ಕೆಟ್ಟು ಮುಕ್ಕರಿಸಿದರೆ ಬೇರೆ ಕಡೆ ಹುಡುಕಿ. ಎರಡನೆಯದು ಗ್ಯಾಸ್ ಕಿಟ್ ಇರುವ ಗಾಡಿಗೆ. ಎಲ್‌ಪಿಜಿಯಲ್ಲಿ ಅದೇ ಏರನ್ನು ಚೆನ್ನಾಗಿ ಹತ್ತಿ, ಪೆಟ್ರೋಲಿಗೆ ಹಾಕಿದರೆ ಮಾತ್ರ ಸೋತರೆ ಪ್ಲಗ್, ಕಾಯಿಲ್, ಡಿಸ್ಟ್ರಿಬ್ಯೂಟರ್ ಎಲ್ಲ ಸರಿಯಿವೆ. ಇಷ್ಟು ಖಚಿತವಾದ ಪರೀಕ್ಷೆ ಪುಕ್ಕಟೆ ಸಿಗುವುದು ಕಿಟ್ ಇದ್ದವರಿಗೆ ಮಾತ್ರ. ಅಂದ ಹಾಗೆ, ಕಿಟ್ ಹಾಕಿದವರು ಪೆಟ್ರೋಲ್ ಲೈನಿಗೆ ಒಂದು ಸೊಲೆನಾಯ್ಡ್, ಅಂದರೆ ಕರೆಂಟಿನಲ್ಲಿ ತೆರೆದು ಮುಚ್ಚುವ ವಾಲ್ವ್, ಸೇರಿಸಿರುತ್ತಾರೆ. ಅದರ ಒಳದಾರಿ ಸಣ್ಣದು, ಬೇಗ ಕಸ ಹಿಡಿಯುತ್ತದೆ, ಯಾರೂ ಬಿಚ್ಚಿ ನೋಡುವುದಿಲ್ಲ.

ಇಂಜಿನ್ ಸದ್ದು ಏರುತ್ತಿದೆ, ಸ್ಪೀಡ್ ಮಾತ್ರ ಏರುತ್ತಿಲ್ಲ ಅಂದರೆ ಎರಡೂ ಅಲ್ಲ. ಕ್ಲಚ್ ಪ್ಲೇಟ್ ಸವೆದಿದೆ.

ತುಳಿದ ಕೂಡಲೇ ಒಂದು ಸಲ ಮುಕ್ಕರಿಸುತ್ತೆ, ಆಮೇಲೆ ಸರಿ ಹೋಗುತ್ತೆ. ನಮ್ಮಣ್ಣನ ಗಾಡಿ ಮೊದಲು ಚೆನ್ನಾಗಿ ಎಳೆದು ಆಮೇಲೆ ಸೋಲುತ್ತೆ. ಎರಡೂ ಒಂದೇ ಕಾಯಿಲೆನಾ?

ಅಲ್ಲ. ಯಾವ ಪಾರ್ಟ್ ಕೊಳ್ಳುವುದಕ್ಕೂ ಮುಂಚೆ ತಿಳಿದುಕೊಳ್ಳಬೇಕಾದದ್ದು ಇದೇ: ತುಳಿದ ಮೇಲೆ ಎಷ್ಟು ಹೊತ್ತಿಗೆ ಸೋಲುತ್ತದೆ?

ಕಾರ್ಬುರೇಟರ್‌ನ ಫ್ಲೋಟ್ ಚೇಂಬರ್‌ನಲ್ಲಿ ಸಣ್ಣ ಕಾಫಿ ಲೋಟದ ಅರ್ಧದಷ್ಟು ಪೆಟ್ರೋಲ್ ಸದಾ ನಿಂತಿರುತ್ತದೆ. 40-50 ಮಿಲಿ ಅಂದುಕೊಳ್ಳಿ. ನೀವು ಪೂರ್ತಿ ತುಳಿದಾಗ ಇಂಜಿನ್ ಮೊದಲು ಕುಡಿಯುವುದು ಇದನ್ನೇ. ಹಿಂದಿನಿಂದ ಬರುವುದು ಸಾಲದಿದ್ದರೂ ಈ ದಾಸ್ತಾನು ಇರುವ ತನಕ ಗಾಡಿ ಚೆನ್ನಾಗಿ ಎಳೆಯುತ್ತದೆ. ಬೇಕಾದದ್ದು ನಿಮಿಷಕ್ಕೆ 200 ಮಿಲಿ, ಬರುತ್ತಿರುವುದು 100 ಅಂತಿಟ್ಟುಕೊಳ್ಳಿ. ಮಟ್ಟ ಇಳಿಯುತ್ತಾ ಹೋಗಿ ಇಪ್ಪತ್ತು, ಮೂವತ್ತು ಸೆಕೆಂಡಿನಲ್ಲಿ ಗಾಡಿ ಸೊರಗುತ್ತದೆ. ಏನೇನೂ ಬರುತ್ತಿಲ್ಲ ಅಂದರೆ ಹತ್ತು ಸೆಕೆಂಡ್ ಸಾಕು.

ಹಾಗಾಗಿ, ತುಳಿದ ಆ ಕ್ಷಣಕ್ಕೇ ಮುಕ್ಕರಿಸಿ ಆಮೇಲೆ ಸಲೀಸಾಗಿ ಎಳೆದರೆ ಪಂಪು, ಫಿಲ್ಟರ್, ಟ್ಯಾಂಕ್ ಯಾವುದನ್ನೂ ಮುಟ್ಟಬೇಡಿ. ತುಳಿದ ಕ್ಷಣಕ್ಕೆ ಒಂದು ಧಾರೆ ಪೆಟ್ರೋಲ್ ಜಾಸ್ತಿ ಚಿಮ್ಮಿಸುವ, ಕಾರ್ಬುರೇಟರ್ ಒಳಗಿನ ಆಕ್ಸಿಲರೇಟರ್ ಪಂಪಿನ ಡಯಾಫ್ರಂ (ಪೆಟ್ರೋಲ್ ತಳ್ಳುವ ತೆಳು ಪದರ) ಗಟ್ಟಿಯಾಗಿರುತ್ತದೆ, ಇಲ್ಲವೇ ಅದರ ನಾಝಲ್ ಕಟ್ಟಿರುತ್ತದೆ. ಮೊದಲು ಚೆನ್ನಾಗಿ ಎಳೆದು ಹತ್ತರಿಂದ ಮೂವತ್ತು ಸೆಕೆಂಡಿಗೆ ಸೋತರೆ ತೊಂದರೆ ಚೇಂಬರಿನಿಂದ ಹಿಂದಕ್ಕೆ ಇದೆ: ಚೇಂಬರ್ ಬಾಗಿಲಿನ ನೀಡಲ್ ವಾಲ್ವ್, ಪಂಪು, ಫಿಲ್ಟರ್, ಪೈಪು, ಟ್ಯಾಂಕ್. ಶುರುವಿನಿಂದ ಕೊನೆವರೆಗೂ ಒಂದೇ ಸಮನೆ ಮಂಕಾಗಿದ್ದರೆ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತು), ಏರ್ ಫಿಲ್ಟರ್, ಕಿಡಿಯ ಟೈಮಿಂಗ್ ನೋಡಿ. ಅರ್ಧ ಗಂಟೆ ಓಡಿದ ಮೇಲೆ ಮಾತ್ರ ಶುರುವಾದರೆ ಬಿಸಿ, ಟ್ಯಾಂಕ್ ಮುಚ್ಚಳ ಅಥವಾ ಟ್ಯಾಂಕಿನ ಕಸ.

ಪಕ್ಕದಲ್ಲಿ ಕೂತವರ ಕೈಗೆ ಫೋನಿನ ಸ್ಟಾಪ್‌ವಾಚ್ ಕೊಡಿ. ಮೂರು ಸಲ ಅದೇ ಏರಿನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಹತ್ತಿರ ಹೋಗಿ "ಪಿಕಪ್ ಇಲ್ಲ" ಅನ್ನುವುದಕ್ಕೂ "ಇಪ್ಪತ್ತು ಸೆಕೆಂಡ್ ಎಳೆದು ಸೋಲುತ್ತೆ, ಕಾಲು ತೆಗೆದರೆ ಸರಿಯಾಗುತ್ತೆ" ಅನ್ನುವುದಕ್ಕೂ ಬಿಲ್ಲಿನಲ್ಲಿ ಜಾಸ್ತಿ ವ್ಯತ್ಯಾಸ ಇರುತ್ತದೆ.

ಹೀಗೇ ಓಡಿಸಿಕೊಂಡಿದ್ದರೆ ಏನಾಗುತ್ತೆ? ನಾನಂತೂ ನಿಧಾನಕ್ಕೇ ಹೋಗೋನು.

ನಿಧಾನಕ್ಕೆ ಹೋದರೆ ಏನೂ ಆಗುವುದಿಲ್ಲ. ಸೊರಗುತ್ತಿರುವಾಗಲೂ ತುಳಿದುಕೊಂಡೇ ಇದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗಿ ಒಳಗಿನ ಬಿಸಿ ಏರುತ್ತದೆ. ನಾಕಿಂಗ್ ಶುರುವಾಗಿ ಎಕ್ಸಾಸ್ಟ್ ವಾಲ್ವ್ ಸುಡಬಹುದು, ಪಿಸ್ಟನ್‌ಗೂ ಪೆಟ್ಟು. ಅದಕ್ಕಿಂತ ಮೊದಲು ಲಾರಿಯನ್ನು ಓವರ್‌ಟೇಕ್ ಮಾಡುವಾಗ ಅರ್ಧದಲ್ಲಿ ಕೈಕೊಟ್ಟರೆ ಏನು ಗತಿ ಅನ್ನುವುದನ್ನು ಯೋಚಿಸಿ.

## ಮನೆ ಮುಂದೆ, ರಸ್ತೆ ಬದಿ ನೋಡಬಹುದಾದವು

ಗಾಡಿ ಸೋತ ಜಾಗದಲ್ಲೇ ಚೇಂಬರ್ ಖಾಲಿ ಆಗಿದೆಯಾ ಅಂತ ನೋಡೋಕೆ ಆಗುತ್ತಾ?

ಆಗುತ್ತದೆ, ಪಾನಾ ಹಿಡಿಯಲು ಬಂದವರೆಲ್ಲ ಮಾಡಬಹುದು. ಖಾಲಿ ರಸ್ತೆಯಲ್ಲಿ ಸೊರಗುವ ತನಕ ತುಳಿಯಿರಿ. ಸೊರಗಿದ ಕೂಡಲೇ ಕ್ಲಚ್ ಒತ್ತಿ, ಬದಿಗೆ ತೆಗೆದುಕೊಂಡು ಬಂದು ನಿಲ್ಲಿಸಿ, ತಕ್ಷಣ ಆಫ್ ಮಾಡಿ. ಐಡ್ಲಿಂಗ್‌ನಲ್ಲಿ ಬಿಡಬೇಡಿ, ಚೇಂಬರ್ ಮತ್ತೆ ತುಂಬಿಕೊಳ್ಳುತ್ತದೆ. ಮೆಕ್ಯಾನಿಕಲ್ ಪಂಪು ಇಂಜಿನ್ ತಿರುಗಿದರೆ ಮಾತ್ರ ಕೆಲಸ ಮಾಡುವುದರಿಂದ ಇಂಜಿನ್ ನಿಂತ ಮೇಲೆ ಚೇಂಬರ್ ಹೇಗಿತ್ತೋ ಹಾಗೇ ಇರುತ್ತದೆ.

ಈಗ ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬುರೇಟರ್ ಬಾಯೊಳಗೆ ಟಾರ್ಚ್ ಬಿಡಿ. ಕೈಯಲ್ಲಿ ಥ್ರಾಟಲ್ ಲಿವರ್ ತಿರುಗಿಸಿ. ನಾಝಲ್‌ನಿಂದ ಪಿಚಕ್ ಎಂದು ದಾರದಂಥ ಧಾರೆ ಬಂದರೆ ಚೇಂಬರ್‌ನಲ್ಲಿ ಪೆಟ್ರೋಲ್ ಇದೆ. ಆಗ ಜೆಟ್, ಇಗ್ನಿಷನ್ ಕಡೆ ತಿರುಗಿ. ಧಾರೆಯೇ ಇಲ್ಲ, ಇಲ್ಲವೇ ಎರಡು ತೊಟ್ಟು ಉದುರಿ ನಿಂತಿತು ಅಂದರೆ ಚೇಂಬರ್ ಬತ್ತಿದೆ. ಸ್ಟಾರ್ಟ್ ಮಾಡಲು ಹೋದಾಗ ತುಂಬಾ ಹೊತ್ತು ಸೆಲ್ಫ್ ಹೊಡೆಯಬೇಕಾದರೆ ಅದೂ ಇದಕ್ಕೇ ಸಾಕ್ಷಿ. ಕೆಲವು ಕಾರ್ಬುರೇಟರ್‌ಗಳಿಗೆ ಚೇಂಬರ್ ಮೈಮೇಲೆ ಗಾಜಿನ ಕಿಂಡಿ ಇರುತ್ತದೆ, ಇನ್ನೂ ಸುಲಭ. ಒಂದು ಷರತ್ತು: ಗಾಡಿ ತಣ್ಣಗಿದ್ದಾಗ ಮನೆಯಲ್ಲಿ ಒಮ್ಮೆ ಈ ಧಾರೆ ಹೇಗೆ ಬರುತ್ತದೆ ಅಂತ ನೋಡಿಟ್ಟುಕೊಂಡಿರಿ. ಬಿಸಿ ಇಂಜಿನ್ ಮೇಲೆ ಬಗ್ಗಿರುತ್ತೀರಿ, ಬೀಡಿ ಸಿಗರೇಟು ಸೇದುವವರನ್ನು ದೂರ ಕಳಿಸಿ.

ಫ್ಯುಯೆಲ್ ಫಿಲ್ಟರ್ ಹೊಸದು ಹಾಕಿದೆ, ಆದರೂ ಅಷ್ಟೇ. ಫಿಲ್ಟರ್ ಅರ್ಧ ಖಾಲಿನೇ ಕಾಣುತ್ತೆ. ಅದೇನಾ ತೊಂದರೆ?

ಅರ್ಧ ಖಾಲಿ ಕಾಣುವುದು ಮಾಮೂಲಿ. ಮೇಲೆ ಗಾಳಿ ನಿಂತಿದ್ದರೂ ಕೆಳಗಿನಿಂದ ಪೆಟ್ರೋಲ್ ಹರಿಯುತ್ತಿರುತ್ತದೆ. ರೇಸ್ ಕೊಟ್ಟಾಗ ಒಂದೇ ಸಮನೆ ಗುಳ್ಳೆ ಬಂದರೆ ಮಾತ್ರ ಯೋಚಿಸಬೇಕು.

ಯಾವ ಫಿಲ್ಟರ್ ಹಾಕಿದಿರಿ ಅನ್ನುವುದನ್ನೂ ನೋಡಿ. ಸಿಕ್ಕಿತು ಅಂತ ಬೈಕಿನ ಪುಟ್ಟ ಫಿಲ್ಟರ್ ಹಾಕಿರುವ ಕಾರುಗಳು ಬೇಕಾದಷ್ಟಿವೆ. ಬೈಕ್ ಇಂಜಿನ್ ಕುಡಿಯುವುದೇ ಕಮ್ಮಿ, ಅದಕ್ಕೆ ಆ ಸೈಜು ಸಾಕು. ಬಾಣದ ಗುರುತು ಇಂಜಿನ್ ಕಡೆಗೇ ಇರಬೇಕು. ಒಂದರ ಹಿಂದೆ ಒಂದು ಅಂತ ಎರಡು ಫಿಲ್ಟರ್ ಹಾಕಿಸಿಕೊಂಡವರೂ ಇದ್ದಾರೆ, ಸುಮ್ನೆ ತಡೆ ಜಾಸ್ತಿ ಆಗುತ್ತದೆ ಅಷ್ಟೇ. ಕಾರ್ಬುರೇಟರ್‌ಗೆ ಪೈಪ್ ಸೇರುವ ನಿಪ್ಪಲ್ ಒಳಗೆ ಎಷ್ಟೋ ಗಾಡಿಗಳಲ್ಲಿ ಸಣ್ಣ ಜಾಲರಿ ಇರುತ್ತದೆ. ಅದನ್ನು ಬಿಚ್ಚಿ ನೋಡದೆ ಫಿಲ್ಟರ್ ಕೆಲಸ ಮುಗಿಯಿತು ಅನ್ನಬೇಡಿ.

ಟ್ಯಾಂಕ್ ಮುಚ್ಚಳ ಸಡಿಲ ಬಿಟ್ಟರೆ ಸರಿ ಹೋಗುತ್ತೆ ಅಂತ ಒಬ್ಬ ಹಳೆ ಮೇಸ್ತ್ರಿ ಹೇಳಿದರು. ತಮಾಷೆ ಮಾಡ್ತಿದ್ದಾರಾ?

ಇಲ್ಲ, ಸರಿಯಾಗಿಯೇ ಹೇಳಿದ್ದಾರೆ. ಟ್ಯಾಂಕಿನಿಂದ ಪೆಟ್ರೋಲ್ ಹೋದಷ್ಟೂ ಗಾಳಿ ಒಳಗೆ ಬರಬೇಕು. ಆ ಗಾಳಿ ಬರುವುದು ಮುಚ್ಚಳದ ಸಣ್ಣ ತೂತಿನಿಂದ ಅಥವಾ ಬೇರೆ ವೆಂಟ್ ಪೈಪಿನಿಂದ. ಧೂಳು ತುಂಬಿ ಅದು ಮುಚ್ಚಿಕೊಂಡರೆ ಟ್ಯಾಂಕ್ ಒಳಗೆ ವ್ಯಾಕ್ಯೂಮ್ ಕಟ್ಟಿಕೊಂಡು ಪಂಪಿನ ಜೊತೆ ಜಗ್ಗಾಟಕ್ಕೆ ನಿಲ್ಲುತ್ತದೆ. ಗಾಡಿ ಸೋತಾಗ ಇಳಿದು ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆ ಹೋದ ಸದ್ದು ಬಂದು, ಆಮೇಲೆ ಗಾಡಿ ಸರಿಯಾಗಿ ಎಳೆದರೆ ಕಾಯಿಲೆ ಸಿಕ್ಕಿತು. ಬೇರೆ ಮಾಡೆಲಿನ ಮುಚ್ಚಳ ಹಾಕಿದ ಗಾಡಿಗಳಲ್ಲಿ ಇದು ಜಾಸ್ತಿ. ಸಡಿಲ ಬಿಟ್ಟು ಓಡಿಸುವುದು ಪರೀಕ್ಷೆಗೆ ಮಾತ್ರ, ಅದೂ ಟ್ಯಾಂಕ್ ತುಂಬಿಲ್ಲದಾಗ.

ಕಾಲು ಟ್ಯಾಂಕಿಗಿಂತ ಕಮ್ಮಿ ಆದಾಗ ಮಾತ್ರ ಹೀಗಾಗುತ್ತೆ. ಫುಲ್ ಟ್ಯಾಂಕ್ ಇದ್ದರೆ ತೊಂದರೆ ಇಲ್ಲ.

ಟ್ಯಾಂಕ್ ಒಳಗಿನ ಎಳೆಪೈಪಿನಲ್ಲಿ ಬಿರುಕು ಅಥವಾ ತುಕ್ಕಿನ ತೂತು ಇರುತ್ತದೆ. ಪೆಟ್ರೋಲ್ ಮಟ್ಟ ಆ ತೂತಿಗಿಂತ ಇಳಿದ ಮೇಲೆ ಪಂಪು ಗಾಳಿ ಎಳೆಯುತ್ತದೆ. ಏರಿನಲ್ಲಿ, ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿಯುವುದರಿಂದ ಅಲ್ಲೇ ಮೊದಲು ಗೊತ್ತಾಗುತ್ತದೆ.

ಎಲ್ಲೂ ಲೀಕ್ ಇಲ್ಲ, ಒಂದು ತೊಟ್ಟೂ ಸೋರ್ತಿಲ್ಲ. ಆದರೂ ಮೆಕ್ಯಾನಿಕ್ 'ಏರ್ ಎಳೀತಿದೆ' ಅಂತ ಪೈಪೆಲ್ಲ ಬದಲಾಯಿಸಬೇಕು ಅಂತಾನೆ.

ಅವರ ಮಾತಿನಲ್ಲಿ ಹುರುಳಿದೆ. ಮೆಕ್ಯಾನಿಕಲ್ ಪಂಪು ಇರುವುದು ಮುಂದೆ, ಇಂಜಿನ್ ಮೈಮೇಲೆ. ಟ್ಯಾಂಕ್ ಇರುವುದು ಹಿಂದೆ. ನಡುವಿನ ಅಷ್ಟುದ್ದ ಲೈನಿನಲ್ಲಿ ಪೆಟ್ರೋಲನ್ನು ಒತ್ತುವವರಿಲ್ಲ, ಎಳೆಯುವವರು ಮಾತ್ರ. ಹಾಗಾಗಿ ಅಲ್ಲಿ ಸಣ್ಣ ಬಿರುಕಿದ್ದರೆ ಗಾಡಿ ಓಡುವಾಗ ಪೆಟ್ರೋಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಟ್ಯಾಂಕ್ ಹತ್ತಿರದ ಮೊಣಕೈ ಉದ್ದದ ರಬ್ಬರ್ ಪೈಪನ್ನು ಮೊದಲು ನೋಡಿ. ಬಗ್ಗಿಸಿದಾಗ ಮೇಲ್ಮೈಯಲ್ಲಿ ಬಿರುಕಿನ ಬಲೆ ಕಂಡರೆ ಅದರ ಆಯಸ್ಸು ಮುಗಿದಿದೆ.

ಇನ್ನೊಂದು ಕಳ್ಳ ಇದೆ. ಹಳೆ ರಬ್ಬರ್ ಪೈಪಿನ ಒಳಪದರ ಬಿಟ್ಟುಕೊಂಡು ನಾಲಿಗೆಯಂತೆ ಜೋತಾಡುತ್ತದೆ. ನಿಧಾನವಾಗಿ ಎಳೆದಾಗ ಸುಮ್ಮನಿರುತ್ತದೆ, ಜೋರಾಗಿ ಎಳೆದಾಗ ದಾರಿಗೆ ಅಡ್ಡ ಬೀಳುತ್ತದೆ. ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ, ಊದಿ ನೋಡಿದರೂ ಸಲೀಸು. ಕತ್ತರಿಸಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ. ಹತ್ತು ವರ್ಷ ದಾಟಿದ ಪೈಪನ್ನು ಪರೀಕ್ಷೆ ಮಾಡುತ್ತಾ ಕೂರುವುದಕ್ಕಿಂತ ಬದಲಾಯಿಸುವುದೇ ಅಗ್ಗ. ನೀರಿನ ಪಾರದರ್ಶಕ ಪೈಪ್ ಹಾಕಿಸಬೇಡಿ, ಪೆಟ್ರೋಲಿಗೆ ಅದು ಕಲ್ಲಿನಂತೆ ಗಟ್ಟಿಯಾಗಿ ಕ್ಲಿಪ್ ಹತ್ತಿರ ಸೀಳುತ್ತದೆ.

ಲೈನಿಗೆ ಏರ್ ಹೊಡೆಸಿದ ಮೇಲೆ ಒಂದು ವಾರ ಬೆಣ್ಣೆ ಹಾಗೆ ಓಡಿತು. ಈಗ ಮತ್ತೆ ಅದೇ ರಾಮಾಯಣ.

ಕಸ ಹೊರಗೆ ಹೋಗಿಲ್ಲ, ಟ್ಯಾಂಕಿಗೆ ವಾಪಸ್ ಹೋಗಿದೆ. ಕಂಪ್ರೆಸರ್ ಗಾಳಿ ಜಾಲರಿಗೆ ಅಂಟಿದ್ದ ತುಕ್ಕಿನ ಚೂರನ್ನು ಹಿಂದಕ್ಕೆ ತಳ್ಳಿತು. ಓಡುತ್ತಾ ಓಡುತ್ತಾ ಅದು ಮತ್ತೆ ಬಂದು ಕೂತಿತು. ಗಾಡಿ ಸೋತು ನಿಂತು, ಐದು ನಿಮಿಷ ಬಿಟ್ಟು ಏನೂ ಆಗದ ಹಾಗೆ ಸ್ಟಾರ್ಟ್ ಆದರೂ ಇದನ್ನೇ ಅನುಮಾನಿಸಿ. ಎಳೆತ ನಿಂತ ಮೇಲೆ ಕಸ ತಾನಾಗಿ ಕೆಳಗೆ ಬೀಳುತ್ತದೆ.

ಟ್ಯಾಂಕ್ ಇಳಿಸಿ ತೊಳೆಸಲೇಬೇಕು. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಗಳಲ್ಲಿ, ಅದರಲ್ಲೂ ಮಂಗಳೂರು ಉಡುಪಿ ಕಡೆಯ ತೇವದ ಗಾಳಿಯಲ್ಲಿ, ಒಳಮೇಲ್ಭಾಗ ತುಕ್ಕು ಹಿಡಿದಿರುತ್ತದೆ. ಇಳಿಸಿದ ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ ಅದನ್ನು ಬಲ್ಲವರಿಂದಲೇ ಮಾಡಿಸಿ. ಖಾಲಿ ಕಾಣುವ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುವುದು.

ಏಪ್ರಿಲ್‌ನಲ್ಲಿ ಶಿರಾಡಿ ಹತ್ತುವಾಗ ನಿಂತೇ ಹೋಯ್ತು. ಅರ್ಧ ಗಂಟೆ ಬಿಟ್ಟು ಹೊರಟರೆ ಸಕಲೇಶಪುರದ ತನಕ ತೊಂದರೆನೇ ಇಲ್ಲ.

ವೇಪರ್ ಲಾಕ್ ಇರಬಹುದು. ಪೆಟ್ರೋಲಿನಲ್ಲಿ ಹಗುರ ಭಾಗಗಳು 40 ಡಿಗ್ರಿ ಸೆಲ್ಸಿಯಸ್ ಒಳಗೇ ಕುದಿಯಲು ಶುರುಮಾಡುತ್ತವೆ. ಎಳೆಯುವ ಲೈನಿನಲ್ಲಿ ಒತ್ತಡ ಕಮ್ಮಿ ಇರುವುದರಿಂದ ಇನ್ನೂ ಬೇಗ. ಪಂಪು ಕೂತಿರುವುದೇ ಕಾದ ಇಂಜಿನ್ ಮೇಲೆ. ಎರಡನೇ ಗೇರಿನಲ್ಲಿ ಲಾರಿಗಳ ಹಿಂದೆ ಏರುವಾಗ ಗಾಳಿಯೂ ಬೀಸುವುದಿಲ್ಲ. ಪಂಪಿನೊಳಗೆ ಆವಿ ತುಂಬಿದರೆ ಡಯಾಫ್ರಂ ಆ ಆವಿಯನ್ನೇ ಹಿಂದೆ ಮುಂದೆ ಮಾಡುತ್ತದೆ, ಪೆಟ್ರೋಲ್ ಬರುವುದಿಲ್ಲ.

ಪರೀಕ್ಷೆ ಹಳೆಯದು, ಸುಲಭದ್ದು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ, ಪೈಪಿನ ಮೇಲೆ ಹಾಕಿ. ಐದು ನಿಮಿಷದಲ್ಲಿ ಸ್ಟಾರ್ಟ್ ಆಗಿ ಸಲೀಸಾಗಿ ಹತ್ತಿದರೆ ಬಿಸಿಯೇ ಕಾರಣ. ಡಿಸ್ಟ್ರಿಬ್ಯೂಟರ್ ಮೇಲೆ ನೀರು ಚೆಲ್ಲಬೇಡಿ, ಆಮೇಲೆ ಬೇರೆಯೇ ತೊಂದರೆ. ಖಾಯಂ ರಿಪೇರಿಗೆ ಪಂಪು ಮತ್ತು ಬ್ಲಾಕ್ ನಡುವಿನ ದಪ್ಪ ಇನ್ಸುಲೇಟರ್ ಇದೆಯೇ ನೋಡಿ. ಹಿಂದೆ ಯಾರೋ ಪಂಪು ಬದಲಾಯಿಸುವಾಗ ಅದನ್ನು ಎಸೆದು ಬರೀ ಗ್ಯಾಸ್ಕೆಟ್ ಹಾಕಿರುತ್ತಾರೆ. ಪೈಪು ಸೈಲೆನ್ಸರ್ ಮ್ಯಾನಿಫೋಲ್ಡ್ ಪಕ್ಕ ಹಾದುಹೋಗಿದ್ದರೆ ದೂರ ಸರಿಸಿ. ರಿಟರ್ನ್ ಪೈಪ್ ಇರುವ ಗಾಡಿಯಲ್ಲಿ ಅದನ್ನು ಮುಚ್ಚಿದ್ದರೆ ಬಿಡಿಸಿ. ಪೆಟ್ರೋಲ್ ಸುತ್ತುತ್ತಾ ಇದ್ದರೆ ಪಂಪು ತಣ್ಣಗಿರುತ್ತದೆ.

ಒಂದು ಎಚ್ಚರ. ಬಿಸಿಯಾದ ಮೇಲೆ ಕೈಕೊಡುವ ಕಾಯಿಲ್ ಕೂಡ ಹೀಗೇ ಆಡುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ನಿಂತ ಜಾಗದಲ್ಲೇ ಸ್ಪಾರ್ಕ್ ಇದೆಯೇ, ನಾಝಲ್ ಧಾರೆ ಇದೆಯೇ ಎರಡನ್ನೂ ನೋಡಿದರೆ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.

## ಪಂಪು, ಕಾರ್ಬುರೇಟರ್

ಮೆಕ್ಯಾನಿಕಲ್ ಪಂಪು ಹೋಗಿದೆ ಅಂತ ಹೇಗೆ ಖಚಿತ ಮಾಡಿಕೊಳ್ಳೋದು? ಪೈಪ್ ತೆಗೆದರೆ ಪೆಟ್ರೋಲ್ ಚಿಮ್ಮುತ್ತೆ.

ಚಿಮ್ಮಿದರೆ ಸಾಲದು, ಅಳೆಯಬೇಕು. ಕಾರ್ಬುರೇಟರ್ ಹತ್ತಿರ ಪೈಪ್ ಬಿಚ್ಚಿ, ಉದ್ದ ಪೈಪ್ ಸೇರಿಸಿ, ತುದಿಯನ್ನು ಇಂಜಿನ್‌ನಿಂದ ದೂರ ಇರುವ ಅಳತೆಯ ಡಬ್ಬಿಗೆ ಬಿಡಿ. ಚೇಂಬರ್‌ನಲ್ಲಿ ಉಳಿದ ಪೆಟ್ರೋಲಿನಲ್ಲೇ ಇಂಜಿನ್ ಒಂದು ನಿಮಿಷ ಐಡ್ಲಿಂಗ್ ಓಡುತ್ತದೆ. ಆ ಒಂದು ನಿಮಿಷಕ್ಕೆ ಅರ್ಧ ಲೀಟರ್ ಆಸುಪಾಸು ಬಂದರೆ ಪಂಪೂ ಲೈನೂ ಆರೋಗ್ಯವಾಗಿವೆ. 200 ಮಿಲಿಗೇ ತಿಣುಕಿದರೆ ಆಗಲಿಲ್ಲ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ.

ಕಮ್ಮಿ ಬಂತು ಅಂತ ಕೂಡಲೇ ಪಂಪಿಗೆ ದುಡ್ಡು ಕೊಡಬೇಡಿ. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಬಿಚ್ಚಿ, ಪಂಪಿಗೆ ಬೇರೆ ಕ್ಯಾನಿನಿಂದ ಪೆಟ್ರೋಲ್ ಕೊಟ್ಟು ಮತ್ತೆ ಅಳೆಯಿರಿ. ಈಗ ಚೆನ್ನಾಗಿ ಬಂದರೆ ಪಂಪು ನಿರಪರಾಧಿ, ತಪ್ಪು ಹಿಂದಿನ ಲೈನಿನದು. ಆಗಲೂ ಕಮ್ಮಿಯೇ ಅಂದರೆ ಪಂಪಿನ ಡಯಾಫ್ರಂ, ಒಳಗಿನ ಪುಟ್ಟ ವಾಲ್ವ್‌ಗಳು ಅಥವಾ ಸವೆದ ಲಿವರ್. ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟವೂ ಏರಿದ್ದರೆ ಡಯಾಫ್ರಂ ಹರಿದು ಪೆಟ್ರೋಲ್ ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತಿರಬಹುದು. ಹಾಗಿದ್ದರೆ ಗಾಡಿ ಓಡಿಸಬೇಡಿ, ಆಯಿಲನ್ನೂ ಬದಲಾಯಿಸಿ.

ಬಾನೆಟ್ ಮೇಲೆ ಪೆಟ್ರೋಲ್ ಬಾಟಲಿ ತೂಗುಹಾಕಿ ಪೈಪಿನಲ್ಲಿ ಕಾರ್ಬುರೇಟರ್‌ಗೆ ಬಿಟ್ಟು ರಸ್ತೆ ಮೇಲೆ ಓಡಿಸಿ ನೋಡುವ ರೂಢಿಯೂ ಇದೆ. ಉತ್ತರ ಸಿಗುತ್ತದೆ ನಿಜ, ಬೆಂಕಿಯೂ ಸಿಗಬಹುದು. ಬೇಡ.

ಮೆಕ್ಯಾನಿಕಲ್ ಪಂಪು ಕಿತ್ತು ಎಲೆಕ್ಟ್ರಿಕ್ ಹಾಕಿಸಲಾ?

ಮೂಲ ಪಂಪು ಸಿಗದಿದ್ದರೆ ಹಾಕಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆ ಗಾಡಿಗಳ ಪಂಪು, ರಿಪೇರಿ ಕಿಟ್ ಇನ್ನೂ ಸಿಗುತ್ತವೆ, ಮೊದಲು ಅದನ್ನು ನೋಡಿ. ಎಲೆಕ್ಟ್ರಿಕ್ ಅಂದರೆ ಕಾರ್ಬುರೇಟರ್‌ಗೆಂದೇ ಮಾಡಿದ, 3-4 ಪಿಎಸ್‌ಐ ಕೊಡುವ ಪಂಪು. ಇಂಜೆಕ್ಷನ್ ಗಾಡಿಯದ್ದು ತಂದು ಹಾಕಿದರೆ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಉಕ್ಕುತ್ತದೆ. ಪಂಪನ್ನು ಟ್ಯಾಂಕ್ ಹತ್ತಿರ, ತಗ್ಗಿನಲ್ಲಿ ಕೂರಿಸಬೇಕು. ಇಂಜಿನ್ ನಿಂತರೆ ಪಂಪೂ ನಿಲ್ಲುವ ಹಾಗೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ವೈರಿಂಗ್ ಆಗಬೇಕು. ಇಲ್ಲದಿದ್ದರೆ ಅಪಘಾತವಾದಾಗ ಪೈಪ್ ಕಿತ್ತಿದ್ದರೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಟ್ಯಾಂಕಿನ ಜಾಲರಿ ಕಟ್ಟಿದ್ದರೆ ಯಾವ ಪಂಪು ಹಾಕಿದರೂ ಅಷ್ಟೇ.

ಕಾರ್ಬುರೇಟರ್ ಸರ್ವಿಸ್ ಆಯ್ತು, ಪಂಪು ಸರಿ ಇದೆ. ಈಗ ಮೇನ್ ಜೆಟ್ ಸ್ವಲ್ಪ ದೊಡ್ಡದು ಮಾಡಿದರೆ ಸರಿಹೋಗುತ್ತೆ ಅಂತಾರೆ.

ತಂತಿ ಹಾಕಿ ಜೆಟ್ ಕೊರೆಯಲು ಬಿಡಲೇಬೇಡಿ. ಗಾಡಿ ಫ್ಯಾಕ್ಟರಿಯಿಂದ ಅದೇ ಜೆಟ್‌ನಲ್ಲಿ ಘಾಟಿ ಹತ್ತಿದ್ದಲ್ವಾ? ಈಗ ಹತ್ತುತ್ತಿಲ್ಲ ಅಂದರೆ ಬದಲಾದದ್ದು ಬೇರೆ ಏನೋ.

ನೋಡಬೇಕಾದದ್ದು ಫ್ಲೋಟ್ ಮಟ್ಟ, ಅಂದರೆ ಚೇಂಬರಿನಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅನ್ನುವುದು. ಸರ್ವಿಸ್ ಮಾಡಿದವರು ನೀಡಲ್ ವಾಲ್ವ್ ಹೊಸದು ಹಾಕಿ, ಕೆಳಗಿನ ವಾಷರಿನ ದಪ್ಪ ಬದಲಾಗಿದ್ದರೆ ಮಟ್ಟ ಇಳಿದಿರುತ್ತದೆ. ನೀಡಲ್ ಸೀಟಿನ ತೂತು ಬೇರೆ ಸೈಜಿನದ್ದಾಗಿದ್ದರೆ ಪೂರ್ತಿ ತೆರೆದರೂ ಸಾಕಷ್ಟು ಬರುವುದಿಲ್ಲ. ಎರಡು ಬ್ಯಾರಲ್ (ಗಾಳಿ ಹೋಗುವ ಕೊಳವೆ) ಇರುವ ಕಾರ್ಬುರೇಟರ್ ಆದರೆ ಇಂಜಿನ್ ಆಫ್ ಮಾಡಿ, ಒಬ್ಬರು ಒಳಗೆ ಕೂತು ಪೆಡಲ್ ಪೂರ್ತಿ ತುಳಿಯಲಿ, ಇನ್ನೊಬ್ಬರು ಮೇಲಿನಿಂದ ನೋಡಲಿ. ಕೇಬಲ್ ಸಡಿಲಾಗಿ ಮೊದಲ ಬ್ಯಾರಲ್ಲೇ ಪೂರ್ತಿ ತೆರೆಯದ ಗಾಡಿಗಳೂ ಇವೆ. ಎರಡನೇ ಬ್ಯಾರಲ್ ವ್ಯಾಕ್ಯೂಮ್‌ನಲ್ಲಿ ತೆರೆಯುವಂಥದ್ದಾದರೆ ನಿಂತಾಗ ಮುಚ್ಚಿಯೇ ಇರುತ್ತದೆ, ಅದರ ಡಯಾಫ್ರಂ ಬೇರೆಯಾಗಿ ಪರೀಕ್ಷಿಸಬೇಕು.

ಇ20 ಪೆಟ್ರೋಲ್ ಬಂದ ಮೇಲೆ ಶುರುವಾಯ್ತು. ಅದೇ ಕಾರಣ ಅಲ್ವಾ?

ಒಂದಷ್ಟು ಹೌದು. ಇ20 ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಟ್ಯಾಂಕಿನ ಗೋಡೆಗೆ ವರ್ಷಗಟ್ಟಲೆ ಅಂಟಿದ್ದ ಜಿಡ್ಡನ್ನು ಕರಗಿಸಿ ತರುತ್ತದೆ, ಅದು ಬಂದು ಫಿಲ್ಟರ್‌ನಲ್ಲಿ ಕೂರುತ್ತದೆ. ಹಳೆ ರಬ್ಬರನ್ನು, ಪಂಪಿನ ಡಯಾಫ್ರಮನ್ನು ಊದಿಸುತ್ತದೆ, ಮೆತ್ತಗೆ ಮಾಡುತ್ತದೆ. ಕೆಲವು ಹಳೆ ನಮೂನೆಯ ಟ್ಯಾಂಕ್ ಸೀಲರ್ ಕೂಡ ಎದ್ದು ಬರುತ್ತದೆ. ಜೊತೆಗೆ ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬೇಕು. ತೂಕದ ಲೆಕ್ಕದಲ್ಲಿ ಒಂದು ಪಾಲು ಬರೀ ಪೆಟ್ರೋಲಿಗೆ 14.7 ಪಾಲು ಗಾಳಿಯಾದರೆ ಇ20ಗೆ 13.5ರ ಆಸುಪಾಸು. ಇಂಜೆಕ್ಷನ್ ಗಾಡಿ ಇದನ್ನು ಒಂದು ಮಟ್ಟಕ್ಕೆ ತಾನೇ ಸರಿದೂಗಿಸಿಕೊಳ್ಳುತ್ತದೆ, ಕಾರ್ಬುರೇಟರ್‌ಗೆ ಆ ಬುದ್ಧಿ ಇಲ್ಲ. ಮೊದಲೇ ಅಂಚಿನಲ್ಲಿದ್ದ ಗಾಡಿ ಇದರಿಂದ ಅಂಚು ದಾಟುತ್ತದೆ.

ಪೈಪುಗಳನ್ನು ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದಕ್ಕೆ ಬದಲಾಯಿಸಿ, ಫಿಲ್ಟರನ್ನು ಒಂದೆರಡು ಸಲ ಬೇಗ ಬೇಗ ಬದಲಾಯಿಸಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿಡಬೇಡಿ. ನೀರು ಹೀರಿಕೊಂಡ ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಎಳೆಪೈಪು ಇರುವುದೂ ತಳದಲ್ಲೇ.

## ಇಂಜೆಕ್ಷನ್ ಗಾಡಿಗಳು

ನನ್ನದು ಎಂಪಿಎಫ್‌ಐ 800. ಅದೇ ಲಕ್ಷಣ, ಆದರೆ ಚೆಕ್ ಲೈಟ್ ಬರ್ತಿಲ್ಲ. ಎಲ್ಲಿಂದ ಶುರು ಮಾಡೋದು?

ಎಂಪಿಎಫ್‌ಐ ಅಂದರೆ ಕಾರ್ಬುರೇಟರ್ ಬದಲು ಪ್ರತಿ ಸಿಲಿಂಡರಿಗೂ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಗಾಡಿ. 2000ನೇ ಇಸವಿಯ ಆಸುಪಾಸಿನ ಇಂಥ ಗಾಡಿಗಳಲ್ಲಿ ಪೆಟ್ರೋಲ್ ಪ್ರೆಷರ್ ಅಳೆಯುವ ಸೆನ್ಸರ್ ಇಲ್ಲ. ಪ್ರೆಷರ್ ಬಿದ್ದದ್ದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ, ಲೈಟ್ ಹೇಗೆ ಬರುತ್ತದೆ? ಗೇಜ್ ಹಾಕಲೇಬೇಕು.

ಗೇಜನ್ನು ಸರಿಯಾದ ಅಡಾಪ್ಟರ್‌ನಿಂದ ಸೇರಿಸಿ, ಉದ್ದ ಪೈಪ್ ಬಿಟ್ಟು, ವಿಂಡ್‌ಸ್ಕ್ರೀನ್ ಹೊರಗೆ ಕಾಣುವಂತೆ ಟೇಪ್ ಹಾಕಿ ಏರಿಗೆ ಹೋಗಿ. ಗೇಜನ್ನು ಕಾರಿನ ಒಳಗೆ ತರಬೇಡಿ. ಇಂಥ ಗಾಡಿಗಳಲ್ಲಿ ಪ್ರೆಷರ್ ಸಾಮಾನ್ಯವಾಗಿ 2.5ರಿಂದ 3 ಬಾರ್. ನಿಮ್ಮ ಮಾಡೆಲಿನ ಅಂಕಿ ಮ್ಯಾನ್ಯುಯಲ್‌ನಲ್ಲಿ ನೋಡಿ. ಪ್ರೆಷರನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್‌ಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಐಡ್ಲಿಂಗ್‌ನಲ್ಲಿ ಪ್ರೆಷರ್ ಅರ್ಧ ಬಾರ್‌ನಷ್ಟು ಕಮ್ಮಿ ಇರುತ್ತದೆ, ಪೂರ್ತಿ ತುಳಿದಾಗ ಏರಬೇಕು. ಏರುವ ಬದಲು ಮುಳ್ಳು ಇಳಿಯುತ್ತಾ ಹೋದರೆ ಬೇರೆ ಸಾಕ್ಷಿ ಬೇಡ. ಏರದೆ ಐಡ್ಲಿಂಗ್ ಅಂಕಿಯಲ್ಲೇ ನಿಂತರೆ ರೆಗ್ಯುಲೇಟರ್ ಕಡೆ ನೋಡಿ.

ಇಳಿಯುತ್ತಿದ್ದರೆ ಮೊದಲು ಫಿಲ್ಟರ್, ಆಮೇಲೆ ಟ್ಯಾಂಕ್ ಒಳಗಿನ ಪಂಪಿನ ಬುಡದ ಜಾಲರಿ, ಕೊನೆಗೆ ಪಂಪು. ಈ ಪಂಪು ತಣ್ಣಗಿರುವುದು ಸುತ್ತ ಇರುವ ಪೆಟ್ರೋಲಿನಿಂದ. ಸದಾ ರಿಸರ್ವ್‌ನಲ್ಲಿ ಓಡಿಸುವವರ ಪಂಪು ಬೇಗ ಹೋಗುತ್ತದೆ.

ಹೊಸ ಪಂಪು ಹಾಕಿದೆ. ಪ್ರೆಷರ್ ಇನ್ನೂ ಬೀಳ್ತಾನೇ ಇದೆ!

ಪಂಪಿಗೆ ಕರೆಂಟ್ ಪೂರ್ತಿ ಹೋಗುತ್ತಿದೆಯೇ? ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 14 ವೋಲ್ಟ್ ಇದ್ದು, ಪಂಪಿನ ಕನೆಕ್ಟರ್‌ನಲ್ಲಿ 11 ಇದ್ದರೆ ಹೊಸ ಪಂಪೂ ಸೋಮಾರಿಯೇ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪಂಪಿನ ಪ್ಲಸ್‌ಗೆ ಇಟ್ಟರೆ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ಕಾಣುತ್ತದೆ. ಪಂಪು ಓಡುತ್ತಿರುವಾಗಲೇ ನೋಡಬೇಕು, ಕನೆಕ್ಟರ್ ಬಿಚ್ಚಿ ನೋಡಿದರೆ ಎಲ್ಲ ಸರಿಯೇ ಕಾಣುತ್ತದೆ. ಅರ್ಧ ವೋಲ್ಟ್ ತನಕ ಪರವಾಗಿಲ್ಲ. ಜಾಸ್ತಿ ಇದ್ದರೆ ರಿಲೇಯ ಕಪ್ಪಾದ ಕಾಂಟ್ಯಾಕ್ಟ್, ಫ್ಯೂಸಿನ ಹಸಿರು ಕಿಲುಬು. ಹಾಗೆಯೇ ಅರ್ಥ್ ಕಡೆಯನ್ನೂ ಅಳೆಯಿರಿ. ತುಕ್ಕು ಹಿಡಿದ ಬಾಡಿಗೆ ಒಂದು ಸ್ಕ್ರೂನಲ್ಲಿ ಕಚ್ಚಿಕೊಂಡ ಅರ್ಥ್ ವೈರ್ ಎಷ್ಟೋ ಹೊಸ ಪಂಪುಗಳನ್ನು ಕೊಳ್ಳಿಸಿದೆ.

ಪ್ರೆಷರ್ ಸರಿ, ವೋಲ್ಟೇಜ್ ಸರಿ. ಆದರೂ ಮೇಲಿನ ಆರ್‌ಪಿಎಂಗೆ ಹೋಗಲ್ಲ, ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತೆ.

ಹಾಗಾದರೆ ಪೆಟ್ರೋಲನ್ನು ಬಿಡಿ, ಹೊಗೆ ಹೋಗುವ ದಾರಿ ನೋಡಿ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಮುಚ್ಚಿಕೊಂಡಿರಬಹುದು, ಇಲ್ಲವೇ ಸೈಲೆನ್ಸರ್ ಒಳಗಿನ ತಗಡು ಕಳಚಿ ಅಡ್ಡ ಬಿದ್ದಿರಬಹುದು. ಮ್ಯಾನಿಫೋಲ್ಡ್‌ಗೆ ವ್ಯಾಕ್ಯೂಮ್ ಗೇಜ್ ಹಾಕಿ ರೇಸ್ ಅನ್ನು 2500ರಲ್ಲಿ ಹಿಡಿದುಕೊಳ್ಳಿ. ಮುಳ್ಳು ಒಂದೇ ಕಡೆ ನಿಲ್ಲದೆ ನಿಧಾನಕ್ಕೆ ಇಳಿಯುತ್ತಾ ಹೋದರೆ ದಾರಿ ಕಟ್ಟಿದೆ. ಗೇಜ್ ಇಲ್ಲದಿದ್ದರೆ ಇಂಜಿನ್ ತಣ್ಣಗಿದ್ದಾಗ ಇಂಜಿನ್ ಮತ್ತು ಕನ್ವರ್ಟರ್ ನಡುವಿನ ಜಾಯಿಂಟ್ ಸಡಿಲ ಮಾಡಿ ಒಂದು ಸುತ್ತು ಹೋಗಿ ಬನ್ನಿ, ಕಿಟಕಿ ತೆರೆದುಕೊಂಡು. ಸದ್ದಿಗೆ ಬೀದಿಯವರೆಲ್ಲ ತಿರುಗಿ ನೋಡುತ್ತಾರೆ. ಎಳೆತ ಬಂದಿದ್ದರೆ ಆರ್ಡರ್ ಮಾಡಬೇಕಾದದ್ದು ಪಂಪಲ್ಲ, ಕನ್ವರ್ಟರ್ ಅಥವಾ ಸೈಲೆನ್ಸರ್.